ದಂಡವು ಪರಹಸ್ತವಾದ ಬಗೆ: ಯುರೋಪಿನ ಸರ್ವಾಧಿಕಾರಿಗಳೂ ಗಜೇಂದ್ರಗಡದ ಗಡಿಯೂ

ರೋಣ, ನರಗುಂದ ಮತ್ತು ಗಜೇಂದ್ರಗಡಗಳ ಸೀಮೆಗೆ ರಾಜನೀತಿಯ ಚರ್ಚೆಯು ಹೊಸದಲ್ಲ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದು, ವಸುಭಾಗಭಟ್ಟನ ಪರಂಪರೆಯ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯೆಂಬ ಅಗ್ರಹಾರದವನು. ಆ ಸಯ್ಯಡಿಯು ಇಂದಿನ ರೋಣ ತಾಲೂಕಿನ ಸವಡಿಯೇ ಎಂದು ವಿದ್ವಾಂಸರು ಗುರುತಿಸಿರುವರು. ೧೭೮೫ರಲ್ಲಿ ಟೀಪೂ ಸುಲ್ತಾನನ ಸೈನ್ಯವು ನರಗುಂದವನ್ನು ಮುತ್ತಿದ್ದರಿಂದ ಬೆಳೆದ ಕಲಹವು ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಮುಗಿಯಿತು. ೧೮೫೮ರಲ್ಲಿ ನರಗುಂದದ ಸಂಸ್ಥಾನಿಕನಾದ ಭಾಸ್ಕರರಾವ ಭಾವೆಯು, ಅಂದರೆ ಜನರ ಬಾಯಲ್ಲಿ ಉಳಿದಿರುವ ಬಾಬಾಸಾಹೇಬನು, ಇಂಗ್ಲಿಷರ ಮೇಲೆ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಕೊನೆಗೆ ೧೯೪೭-೪೮ರಲ್ಲಿ ಗಜೇಂದ್ರಗಡವು ನಿಜಾಮನ ಸಂಸ್ಥಾನದ ಗಡಿಯಲ್ಲಿ ನಿಂತು, ಒಂದು ಖಾಸಗೀ ಸೈನ್ಯವು ಒಂದು ರಾಜ್ಯವನ್ನು ಒಳಗಿಂದೊಳಗೆ ನುಂಗಿದ ಬಗೆಯನ್ನು ಹತ್ತಿರದಿಂದ ಕಂಡಿತು.

ಎರಡು ಮಹಾಯುದ್ಧಗಳ ನಡುವೆ, ಎಂದರೆ ೧೯೧೯ರಿಂದ ೧೯೩೯ರ ವರೆಗಿನ ಕಾಲದಲ್ಲಿ, ಯುರೋಪ ಖಂಡದಲ್ಲಿ ಸರ್ವಾಧಿಕಾರಿಗಳು ತಲೆಯೆತ್ತಿದ ಬಗೆಯನ್ನು ಕುರಿತು ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿರುತ್ತವೆ. ಮುಸೋಲಿನಿ, ಹಿಟ್ಲರ ಮೊದಲಾದವರು ತಮ್ಮ ಪರಾಕ್ರಮದಿಂದ ರಾಜ್ಯವನ್ನು ಗೆದ್ದುಕೊಂಡರೆಂಬದು ಒಂದು. ಪ್ರಜೆಗಳೇ ಬಹುಮತದಿಂದ ಅವರನ್ನು ಆರಿಸಿ ಕೂಡಿಸಿದರೆಂಬದು ಇನ್ನೊಂದು. ಘಟನೆಗಳನ್ನು ಕ್ರಮವಾಗಿ ನೋಡಿದಲ್ಲಿ ಇವೆರಡೂ ಪೂರ್ಣಸತ್ಯವಲ್ಲವೆಂದು ತಿಳಿಯುವದು. ರಾಜ್ಯವನ್ನು ಕಾಯಬೇಕಾಗಿದ್ದವರೇ, ಆ ಹೊಸಬರನ್ನು ತಮ್ಮ ಉಪಕರಣವನ್ನಾಗಿ ಬಳಸಿಕೊಳ್ಳಬಹುದೆಂಬ ಎಣಿಕೆಯಿಂದ, ದಂಡವನ್ನು ಅವರ ಕೈಗೆ ಕೊಟ್ಟರು. ಈ ಮಾತನ್ನು ಇಟಲಿ, ಜರ್ಮನಿಗಳ ದೃಷ್ಟಾಂತದಿಂದ ಮೊದಲು ಸಾಧಿಸಿ, ಬಳಿಕ ಗಜೇಂದ್ರಗಡದ ಗಡಿಯ ಆಚೆ ನಡೆದುದನ್ನು ಅದರೊಡನೆ ಹೋಲಿಸುವದು ಈ ಲೇಖನದ ಉದ್ದೇಶವಾಗಿದೆ.

೧. ಶಬ್ದವಿಚಾರ

‘ಸರ್ವಾಧಿಕಾರಿ’ ಎಂಬ ಶಬ್ದವು ಕನ್ನಡದಲ್ಲಿ ಹಳೆಯದು. ಹೊಯ್ಸಳರ ಶಾಸನಗಳಲ್ಲಿ ಮಹಾಪ್ರಧಾನ, ಸರ್ವಾಧಿಕಾರಿ ಎಂಬ ಬಿರುದುಗಳು ಜೊತೆಜೊತೆಯಾಗಿ ಬರುತ್ತವೆ. ಅಲ್ಲಿ ಅದರ ಅರ್ಥವು ಅರಸನ ಅಧೀನದಲ್ಲಿದ್ದು ಎಲ್ಲ ಇಲಾಖೆಗಳ ಮೇಲ್ವಿಚಾರಣೆಯನ್ನು ಮಾಡುವ ಅಧಿಕಾರಿ ಎಂದಿಷ್ಟೇ. ೧೮ನೆಯ ಶತಮಾನದ ಮೈಸೂರಿನಲ್ಲಿಯೂ ಅದು ಪದವಿಯ ಹೆಸರಾಗಿತ್ತು. ಗ್ರಂಥಕರ್ತನೆಂದು ಸಾಹಿತ್ಯಜ್ಞರಿಗೆ ಪರಿಚಿತನಾದ ಕಳಲೆಯ ನಂಜರಾಜನು ಸರ್ವಾಧಿಕಾರಿಯಾಗಿದ್ದನು. ಅವನ ಆಶ್ರಯದಲ್ಲಿ ಮೇಲೇರಿದ ಸೈನಿಕನಾದ ಹೈದರನು ೧೭೬೧ರ ಹೊತ್ತಿಗೆ ಅವನನ್ನೂ ಅರಸನನ್ನೂ ಬದಿಗೊತ್ತಿ ರಾಜ್ಯದ ಒಡೆಯನಾದನೆಂಬದು ಪ್ರಸಿದ್ಧವಾಗಿದೆ. ಹೀಗೆ ಮೇಲಿನವನಿಗೆ ಉತ್ತರ ಹೇಳಬೇಕಾದ ಅಧಿಕಾರಿಯನ್ನು ಸೂಚಿಸುತ್ತಿದ್ದ ಪದವೇ, ಯಾರಿಗೂ ಉತ್ತರ ಹೇಳಬೇಕಿಲ್ಲದವನನ್ನು ಸೂಚಿಸುವ ಪದವಾಗಿ ೨೦ನೆಯ ಶತಮಾನದಲ್ಲಿ ರೂಢಿಗೆ ಬಂದಿತು.

ಪಾಶ್ಚಾತ್ಯರ ‘ಡಿಕ್ಟೇಟರ್’ ಎಂಬ ಶಬ್ದದ ಗತಿಯೂ ಇದೇ ಬಗೆಯದು. ಪ್ರಾಚೀನ ರೋಮಿನ ಪ್ರಜಾರಾಜ್ಯದಲ್ಲಿ ದೇಶಕ್ಕೆ ವಿಪತ್ತು ಒದಗಿದಾಗ ಒಬ್ಬನಿಗೆ ಸಕಲಾಧಿಕಾರವನ್ನು ಕೊಡುವ ಪದ್ಧತಿಯಿದ್ದಿತು; ಆದರೆ ಅದರ ಅವಧಿಯು ಹೆಚ್ಚೆಂದರೆ ೬ ತಿಂಗಳು ಮಾತ್ರ. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವದಾದರೆ ಅದು ಆಪದ್ಧರ್ಮ. ಆಪತ್ತು ಕಳೆದೊಡನೆ ಆಪದ್ಧರ್ಮವೂ ನಿವರ್ತಿಸಬೇಕು. ಆಪತ್ತನ್ನು ಎಂದೂ ಮುಗಿಯಗೊಡದೆ ಆಪದ್ಧರ್ಮವನ್ನೇ ನಿತ್ಯಧರ್ಮವನ್ನಾಗಿ ಮಾಡಿದುದು ಹೊಸ ಸರ್ವಾಧಿಕಾರಿಗಳ ವಿಶೇಷವು.

‘ಫ್ಯಾಸಿಸಂ’ ಎಂಬ ಹೆಸರಿನ ಮೂಲವೂ ರೋಮಿನದೇ. ರೋಮಿನ ಅಧಿಕಾರಿಗಳ ಮುಂದೆ ಅವರ ಭಟರು ಬೆತ್ತಗಳ ಕಟ್ಟನ್ನು ಕೊಡಲಿಯೊಡನೆ ಬಿಗಿದು ಹಿಡಿದುಕೊಂಡು ನಡೆಯುತ್ತಿದ್ದರು. ಆ ಕಟ್ಟಿಗೆ ‘ಫ್ಯಾಸೀಸ್’ ಎಂದು ಹೆಸರು. ಶಿಕ್ಷಿಸುವ ರಾಜಶಕ್ತಿಗೆ ಅದು ಚಿಹ್ನವಾಗಿತ್ತು. ಸಂಸ್ಕೃತದ ‘ದಂಡ’ಶಬ್ದವು ಕೋಲನ್ನೂ, ಶಿಕ್ಷೆಯನ್ನೂ, ಸೈನ್ಯವನ್ನೂ ಒಟ್ಟಿಗೆ ಹೇಳುವಂತೆ ಈ ಶಬ್ದವೂ ಕೋಲಿನಿಂದ ಹೊರಟು ಆಳಿಕೆಯ ವರೆಗೆ ಬಂದಿದೆ. ದಂಡವಿಲ್ಲದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯವು ಹುಟ್ಟುವದೆಂದೂ, ತೀಕ್ಷ್ಣದಂಡನು ಜನರನ್ನು ಕೆರಳಿಸುವನೆಂದೂ, ಮೃದುದಂಡನು ತಿರಸ್ಕಾರಕ್ಕೆ ಗುರಿಯಾಗುವನೆಂದೂ, ಯಥಾರ್ಹದಂಡನೇ ಪೂಜ್ಯನೆಂದೂ ಕೌಟಿಲ್ಯನ ಅಭಿಪ್ರಾಯವಿದೆ. ಇವೆಲ್ಲಕ್ಕೂ ಮೊದಲಿನದಾದ ಪ್ರಶ್ನೆಯೊಂದಿದೆ. ದಂಡವು ಯಾರ ಕೈಯಲ್ಲಿದೆ? ರಾಜ್ಯದ ದಂಡದ ಪಕ್ಕದಲ್ಲಿ ಇನ್ನೊಂದು ಖಾಸಗೀ ದಂಡವು ಎದ್ದು ನಿಂತಾಗ ರಾಜ್ಯವು ಏನು ಮಾಡಿತು? ಯುರೋಪಿನ ವೃತ್ತಾಂತವನ್ನು ಈ ಪ್ರಶ್ನೆಯಿಂದಲೇ ಪರೀಕ್ಷಿಸತಕ್ಕದ್ದು.

೨. ಇಟಲಿ

ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯು ಗೆದ್ದ ಪಕ್ಷದಲ್ಲಿದ್ದರೂ, ಬಯಸಿದ ಪ್ರದೇಶಗಳೆಲ್ಲವೂ ಕೈಸೇರಲಿಲ್ಲವೆಂಬ ಅಸಮಾಧಾನವು ಅಲ್ಲಿ ಹಬ್ಬಿತ್ತು. ಬೆಲೆಗಳು ಏರಿದ್ದವು, ಸೈನ್ಯದಿಂದ ಮರಳಿದ ತರುಣರಿಗೆ ಉದ್ಯೋಗವಿರಲಿಲ್ಲ. ಮೊದಲು ಸಮಾಜವಾದಿಗಳ ಪತ್ರಿಕೆಯ ಸಂಪಾದಕನಾಗಿದ್ದು ಯುದ್ಧಕಾಲದಲ್ಲಿ ಆ ಪಕ್ಷದಿಂದ ಹೊರಬಿದ್ದ ಬೆನಿಟೊ ಮುಸೋಲಿನಿಯು ೧೯೧೯ನೆಯ ಮಾರ್ಚ ೨೩ರಂದು ಮಿಲಾನ ನಗರದಲ್ಲಿ ತನ್ನ ಹೊಸ ಸಂಘವನ್ನು ಸ್ಥಾಪಿಸಿದನು. ಅದೇ ವರ್ಷದ ಚುನಾವಣೆಯಲ್ಲಿ ಆ ಸಂಘಕ್ಕೆ ಒಂದು ಸ್ಥಾನವೂ ದೊರೆಯಲಿಲ್ಲ. ಮೂರೇ ವರ್ಷಗಳಲ್ಲಿ ಅವನು ಪ್ರಧಾನಮಂತ್ರಿಯಾದನು. ಈ ನಡುವೆ ನಡೆದುದೇನು?

೧೯೨೦ರ ಸೆಪ್ಟೆಂಬರದಲ್ಲಿ ಉತ್ತರ ಇಟಲಿಯ ಕಾರ್ಮಿಕರು ಕಾರಖಾನೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಕೆಲವೇ ವಾರಗಳಲ್ಲಿ ಅವರು ಅವನ್ನು ಬಿಟ್ಟುಕೊಟ್ಟರಾದರೂ, ರಶಿಯದ ಕ್ರಾಂತಿಯು ಇಟಲಿಗೂ ಬಂದಿತೆಂಬ ಭೀತಿಯು ಧನಿಕರನ್ನು ಬಿಡಲಿಲ್ಲ. ಪಂಚತಂತ್ರದ ಭೇದಪ್ರಕರಣದಲ್ಲಿ ಸಿಂಹವು ಎತ್ತಿನ ಗುಟುರನ್ನು ಕೇಳಿ, ಅದು ಯಾವ ಮಹಾಪ್ರಾಣಿಯ ಧ್ವನಿಯೋ ಎಂದು ನಡುಗುತ್ತದೆ. ಆ ನಡುಕವನ್ನು ಕಂಡುಕೊಂಡ ನರಿಯು ಅದರ ಮೂಲಕವೇ ಅರಸನ ಬಳಿ ಸ್ಥಾನವನ್ನು ಗಳಿಸುತ್ತದೆ. ಇಟಲಿಯಲ್ಲಿಯೂ ಗುಟುರು ನಿಂತ ಮೇಲೆ ಭಯವು ಬೆಳೆಯಿತು. ಪೋ ನದಿಯ ಬಯಲಿನ ಜಮೀನುದಾರರು ಕರಿಯಂಗಿಯ ಪಡೆಗಳಿಗೆ ಹಣವನ್ನು ಕೊಟ್ಟರು. ಆ ಪಡೆಗಳು ರೈತಸಂಘಗಳ ಮನೆಗಳನ್ನು ಸುಟ್ಟವು. ವಿರೋಧಿಗಳನ್ನು ಹೊಡೆದವು, ಕೊಂದವು. ಅನೇಕ ಕಡೆಗಳಲ್ಲಿ ಪೋಲೀಸರೂ ಸೇನಾಧಿಕಾರಿಗಳೂ ಕಣ್ಣುಮುಚ್ಚಿಕೊಂಡರು. ಹಳೆಯ ಮುತ್ಸದ್ದಿಯಾದ ಜೊಲಿಟ್ಟಿಯು ೧೯೨೧ರ ಚುನಾವಣೆಯಲ್ಲಿ ಇವರನ್ನು ತನ್ನ ಮೈತ್ರಿಕೂಟದೊಳಗೆ ಸೇರಿಸಿಕೊಂಡನು. ಆಗ ದೊರೆತ ೩೫ ಸ್ಥಾನಗಳು ಕಡಿಮೆಯವೇ. ಆದರೆ ಗೌರವಸ್ಥರ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

೧೯೨೨ನೆಯ ಅಕ್ಟೋಬರ ೨೭-೨೮ರ ರಾತ್ರಿಯಲ್ಲಿ ಕರಿಯಂಗಿಯವರು ರೋಮಿನ ಕಡೆಗೆ ಹೊರಟರು. ಮಳೆಯಲ್ಲಿ ತೊಯ್ದ, ಸರಿಯಾದ ಶಸ್ತ್ರಗಳಿಲ್ಲದ ಆ ಗುಂಪನ್ನು ರಾಜಧಾನಿಯ ಸೈನ್ಯವು ಚದರಿಸಬಹುದಾಗಿತ್ತು. ಪ್ರಧಾನಮಂತ್ರಿಯಾದ ಫಾಕ್ಟನು ಸೈನಿಕಶಾಸನದ ಆಜ್ಞಾಪತ್ರವನ್ನು ಸಿದ್ಧಪಡಿಸಿ ೨೮ರ ಮುಂಜಾನೆ ಅರಸನ ಮುಂದಿಟ್ಟನು. ಮೂರನೆಯ ವಿಕ್ಟರ್ ಇಮ್ಯಾನ್ಯುಎಲನು ಅದಕ್ಕೆ ಸಹಿ ಮಾಡಲಿಲ್ಲ. ಮುಸೋಲಿನಿಯು ನಡೆದು ಬರಲಿಲ್ಲ. ಅರಸನ ಕರೆಯನ್ನು ಪಡೆದು, ಮಿಲಾನದಿಂದ ರಾತ್ರಿಯ ರೈಲಿನಲ್ಲಿ ಬಂದು, ೩೦ನೆಯ ತಾರೀಖು ಮಂತ್ರಿಮಂಡಲವನ್ನು ರಚಿಸುವ ಅಧಿಕಾರವನ್ನು ಪಡೆದನು. ‘ರೋಮಿನ ಮೇಲಿನ ದಂಡಯಾತ್ರೆ’ ಎಂದು ಮುಂದೆ ಹಾಡಿ ಹೊಗಳಿದ ಸಾಹಸದ ನಿಜಸ್ವರೂಪವು ಇದು.

ಅಲ್ಲಿಂದ ಮುಂದಿನ ಹೆಜ್ಜೆಗಳು ಕಾಯಿದೆಯ ವೇಷದಲ್ಲಿ ಬಂದವು. ಲೋಕಸಭೆಯು ಒಂದು ವರ್ಷದ ಮಟ್ಟಿಗೆ ವಿಶೇಷಾಧಿಕಾರವನ್ನು ಕೊಟ್ಟಿತು. ೧೯೨೩ರ ಪ್ರಾರಂಭದಲ್ಲಿ ಕರಿಯಂಗಿಯ ಪಡೆಯೇ ರಾಷ್ಟ್ರೀಯ ರಕ್ಷಣಾದಳವೆಂಬ ಹೆಸರನ್ನು ಪಡೆಯಿತು. ಖಾಸಗೀ ದಂಡದ ಮೇಲೆ ರಾಜಮುದ್ರೆ ಬಿದ್ದಿತು. ಅದೇ ವರ್ಷದ ನವೆಂಬರದ ಹೊಸ ಕಾಯಿದೆಯ ಪ್ರಕಾರ, ಶೇಕಡಾ ೨೫ರಷ್ಟಾದರೂ ಮತಗಳನ್ನು ಪಡೆದು ಮೊದಲನೆಯದಾಗಿ ಬಂದ ಪಕ್ಷಕ್ಕೆ ಸಭೆಯ ಮೂರರಲ್ಲಿ ಎರಡು ಪಾಲು ಸ್ಥಾನಗಳು ಸಲ್ಲತಕ್ಕವಾದವು. ೧೯೨೪ರ ಚುನಾವಣೆಯ ಅಕ್ರಮಗಳನ್ನು ಸಭೆಯಲ್ಲಿ ಎತ್ತಿ ಆಡಿದ ಸಮಾಜವಾದಿ ಸದಸ್ಯ ಮಾಟ್ಟೆಯೊಟ್ಟಿಯನ್ನು ಜೂನ್ ೧೦ರಂದು ಅಪಹರಿಸಿ ಕೊಂದರು. ದೇಶವೆಲ್ಲ ತಲ್ಲಣಿಸಿತು. ವಿರೋಧಪಕ್ಷದವರು ಸಭಾತ್ಯಾಗ ಮಾಡಿ, ಅರಸನು ನ್ಯಾಯವನ್ನು ಮಾಡುವನೆಂದು ಕಾದರು, ಅರಸನು ಸುಮ್ಮನಿದ್ದನು. ೧೯೨೫ನೆಯ ಜನವರಿ ೩ರಂದು ಮುಸೋಲಿನಿಯು ನಡೆದುದಕ್ಕೆಲ್ಲ ತಾನೇ ಹೊಣೆಯೆಂದು ಸಭೆಯಲ್ಲಿ ಬಹಿರಂಗವಾಗಿ ಹೇಳಿದನು. ೧೯೨೬ರಲ್ಲಿ ಇತರ ಪಕ್ಷಗಳು ನಿಷಿದ್ಧವಾದವು.

೩. ಜರ್ಮನಿ

ಜರ್ಮನಿಯ ಸ್ಥಿತಿಯು ಇಟಲಿಗಿಂತ ಕಠಿನವಾಗಿತ್ತು. ಸೋತ ದೇಶವದು, ೧೯೧೯ರ ವರ್ಸಾಯ ಒಪ್ಪಂದದಿಂದ ಪ್ರದೇಶಗಳನ್ನು ಕಳೆದುಕೊಂಡು, ಯುದ್ಧದ ಪರಿಹಾರದ್ರವ್ಯದ ಭಾರವನ್ನು ಹೊತ್ತಿತ್ತು. ೧೯೨೩ರ ನವೆಂಬರದಲ್ಲಿ ಒಂದು ಅಮೇರಿಕದ ಡಾಲರಿಗೆ ೪.೨ ಲಕ್ಷ ಕೋಟಿ ಮಾರ್ಕುಗಳ ಬೆಲೆಯಾಯಿತು. ಜೀವಮಾನದ ಉಳಿತಾಯವು ಒಂದು ರೊಟ್ಟಿಗೆ ಸಾಲದಾಯಿತು. ಅದೇ ತಿಂಗಳು ೮-೯ರಂದು ಅಡಾಲ್ಫ ಹಿಟ್ಲರನು ಮ್ಯೂನಿಕ್ ನಗರದಲ್ಲಿ ಬಲಾತ್ಕಾರದಿಂದ ಅಧಿಕಾರವನ್ನು ಹಿಡಿಯಲು ಹೋಗಿ ಪೋಲೀಸರ ಗುಂಡಿನ ಮುಂದೆ ಸೋತನು. ರಾಜದ್ರೋಹಕ್ಕೆ ವಿಧಿಸಿದ ೫ ವರ್ಷಗಳ ಶಿಕ್ಷೆಯಲ್ಲಿ ಒಂದು ವರ್ಷವೂ ತುಂಬುವದರೊಳಗೆ ಅವನ ಬಿಡುಗಡೆಯಾಯಿತು. ರಾಜ್ಯವು ಗಟ್ಟಿಯಾಗಿ ನಿಂತಲ್ಲಿ ಬಲಾತ್ಕಾರವು ನಡೆಯದೆಂಬ ಪಾಠವನ್ನು ಅವನು ಕಲಿತನು. ಬಲಾತ್ಕಾರ ಮಾಡಿದವನನ್ನು ಸೌಮ್ಯವಾಗಿ ಬಿಟ್ಟರೆ ಏನಾಗುವದೆಂಬ ಪಾಠವನ್ನು ನ್ಯಾಯಾಧೀಶರು ಕಲಿಯಲಿಲ್ಲ.

ಜನಮತದ ಏರಿಳಿತವನ್ನು ಅಂಕಿಗಳಿಂದಲೇ ನೋಡತಕ್ಕದ್ದು. ೧೯೨೮ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದ ಮತಗಳು ಶೇಕಡಾ ೨.೬, ಸ್ಥಾನಗಳು ೧೨. ೧೯೨೯ರಿಂದ ಜಗತ್ತನ್ನು ಕವಿದ ಆರ್ಥಿಕ ಕುಸಿತದ ತರುವಾಯ ೧೯೩೦ರಲ್ಲಿ ಶೇಕಡಾ ೧೮.೩, ಸ್ಥಾನಗಳು ೧೦೭. ನಿರುದ್ಯೋಗಿಗಳು ಸುಮಾರು ೬೦ ಲಕ್ಷಕ್ಕೇರಿದ ೧೯೩೨ರ ಜುಲೈದಲ್ಲಿ ಶೇಕಡಾ ೩೭.೩, ಸ್ಥಾನಗಳು ೨೩೦. ಅದೇ ವರ್ಷದ ನವೆಂಬರದಲ್ಲಿ ಶೇಕಡಾ ೩೩.೧, ಸ್ಥಾನಗಳು ೧೯೬. ಹೊಟ್ಟೆಯ ಸಂಕಟವು ಹೆಚ್ಚಿದಂತೆ ಮತಗಳು ಹೆಚ್ಚಿದವೆಂಬದು ಸ್ಪಷ್ಟವಿದೆ. ಆದರೆ ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲಿಯೂ ಆ ಪಕ್ಷಕ್ಕೆ ಅರ್ಧದಷ್ಟು ಮತಗಳು ಬರಲಿಲ್ಲ. ಕೊನೆಯದರಲ್ಲಿ ಸುಮಾರು ೨೦ ಲಕ್ಷ ಮತಗಳು ಕಡಿಮೆಯಾದವು. ಎರಡು ತಿಂಗಳು ಕಳೆದ ಮೇಲೆ ಹಿಟ್ಲರನಿಗೆ ಅಧಿಕಾರವು ದೊರೆತುದು ಇಳಿತದ ಕಾಲದಲ್ಲಿ ಎಂಬದನ್ನು ಮರೆಯಲಾಗದು.

ಹಾಗಾದರೆ ಕೊಟ್ಟವರಾರು? ೧೯೩೦ರಿಂದಲೇ ಜರ್ಮನಿಯ ಆಡಳಿತವು ಸಭೆಯ ಬಹುಮತದಿಂದ ನಡೆಯುತ್ತಿರಲಿಲ್ಲ. ರಾಜ್ಯಘಟನೆಯ ೪೮ನೆಯ ಕಲಮಿನಂತೆ ಅಧ್ಯಕ್ಷನು ಆಪತ್ಕಾಲದಲ್ಲಿ ಆಜ್ಞಾಪತ್ರಗಳಿಂದ ಆಳಬಹುದಾಗಿತ್ತು. ಆ ಆಪದ್ಧರ್ಮವೇ ದಿನಚರಿಯಾಗಿತ್ತು. ಅಧ್ಯಕ್ಷನಾದ ಮುದಿ ಸೇನಾಪತಿ ಹಿಂಡೆನ್‌ಬುರ್ಗನ ಸುತ್ತಲೂ ಜಮೀನುದಾರರು, ಸೇನಾಧಿಕಾರಿಗಳು, ಒಳಸಂಚಿನ ಮುತ್ಸದ್ದಿಗಳು ಸೇರಿದ್ದರು. ೧೯೩೨ರ ಎಪ್ರಿಲದಲ್ಲಿ ಸರಕಾರವು ನಾಜಿಗಳ ಖಾಸಗೀ ಸೈನ್ಯವನ್ನು ನಿಷೇಧಿಸಿತು. ವರ್ಸಾಯ ಒಪ್ಪಂದದ ಮೇರೆಗೆ ದೇಶದ ಸೈನ್ಯವು ೧ ಲಕ್ಷಕ್ಕೆ ಮೀರುವಂತಿರಲಿಲ್ಲ; ಈ ಖಾಸಗೀ ದಳದಲ್ಲಿಯಾದರೋ ಸುಮಾರು ೪ ಲಕ್ಷ ಜನರಿದ್ದರು. ಎರಡೇ ತಿಂಗಳುಗಳಲ್ಲಿ ಪ್ರಧಾನನಾದ ಪಾಪೆನ್ನನು ಹಿಟ್ಲರನ ಸೌಹಾರ್ದವನ್ನು ಬಯಸಿ ಆ ನಿಷೇಧವನ್ನು ತೆಗೆದುಹಾಕಿದನು. ಬೀದಿಯ ಕೊಲೆಗಳು ಮತ್ತೆ ಮೊದಲಾದವು.

೧೯೩೩ನೆಯ ಜನವರಿ ೩೦ರಂದು ಹಿಟ್ಲರನು ಪ್ರಧಾನನಾದನು. ಮಂತ್ರಿಮಂಡಲದಲ್ಲಿ ಅವನನ್ನು ಹಿಡಿದು ನಾಜಿಗಳು ಮೂವರೇ. ಉಳಿದವರೆಲ್ಲರೂ ಹಳೆಯ ಪಕ್ಷದ ಗಣ್ಯರು. ಉಪಪ್ರಧಾನನಾದ ಪಾಪೆನ್ನನು ಈ ಎಣಿಕೆಯನ್ನೇ ನೆಚ್ಚಿದ್ದನು. ಆದರೆ ಆ ಮೂವರಲ್ಲಿ ಒಬ್ಬನಾದ ಗೋರಿಂಗನ ಕೈಯಲ್ಲಿ ಪ್ರಶಿಯದ ಪೋಲೀಸಿತ್ತು. ಫೆಬ್ರುವರಿಯಲ್ಲಿ ಅವನು ಪಕ್ಷದ ದಳಗಳವರನ್ನು ಸಹಾಯಕ ಪೋಲೀಸರೆಂದು ನೇಮಿಸಿದನು. ಇಟಲಿಯಲ್ಲಿ ಆದಂತೆಯೇ ಇಲ್ಲಿಯೂ ಖಾಸಗೀ ಕೋಲು ರಾಜದಂಡವಾಯಿತು. ಫೆಬ್ರುವರಿ ೨೭ರಂದು ಲೋಕಸಭಾಭವನಕ್ಕೆ ಬೆಂಕಿ ಬಿದ್ದಿತು. ಮರುದಿನದ ಆಜ್ಞಾಪತ್ರವು ಮಾತಿನ, ಮುದ್ರಣದ, ಸಭೆಗಳ ಸ್ವಾತಂತ್ರ್ಯವನ್ನು ತಡೆದಿಟ್ಟಿತು. ‘ಮುಂದಿನ ಆಜ್ಞೆಯಾಗುವ ವರೆಗೆ’ ಎಂಬ ಆ ತಡೆಯು ಹಿಟ್ಲರನು ಅಳಿಯುವ ವರೆಗೂ ತೆರವಾಗಲಿಲ್ಲ. ಇಷ್ಟು ಭಯದ ನಡುವೆ ನಡೆದ ಮಾರ್ಚ ೫ರ ಚುನಾವಣೆಯಲ್ಲಿಯೂ ನಾಜಿಗಳಿಗೆ ಬಂದ ಮತಗಳು ಶೇಕಡಾ ೪೩.೯ ಮಾತ್ರ. ಮಾರ್ಚ ೨೩ರಂದು, ಪಕ್ಷದ ದಳಗಳು ಸಭಾಗೃಹವನ್ನು ಸುತ್ತುವರಿದಿರಲು, ಸಭೆಯ ಒಪ್ಪಿಗೆಯಿಲ್ಲದೆ ಕಾಯಿದೆ ಮಾಡುವ ಅಧಿಕಾರವನ್ನು ಆ ಸಭೆಯೇ ೪೪೪ಕ್ಕೆ ೯೪ ಮತಗಳಿಂದ ಹಿಟ್ಲರನಿಗೆ ಒಪ್ಪಿಸಿತು. ವಿರೋಧಿಸಿದ ೯೪ ಮಂದಿಯೂ ಸಮಾಜಪ್ರಜಾಪಕ್ಷದವರು. ಕಮ್ಯುನಿಸ್ಟ ಸದಸ್ಯರಿಗೆ ಸಭೆಯನ್ನು ಸೇರಲಿಕ್ಕೇ ಆಸ್ಪದವಿರಲಿಲ್ಲ. ಜುಲೈ ೧೪ರ ಹೊತ್ತಿಗೆ ನಾಜಿ ಪಕ್ಷದ ಹೊರತು ಬೇರೆ ಪಕ್ಷವಿರಕೂಡದೆಂದು ಕಾಯಿದೆಯಾಯಿತು.

ವರವನ್ನು ಕೊಟ್ಟವರ ತಲೆಯ ಮೇಲೆಯೇ ಭಸ್ಮಾಸುರನು ಕೈಯಿಡಹೋದ ಕಥೆಯು ಇಲ್ಲಿ ಅಕ್ಷರಶಃ ನಡೆಯಿತು. ಒಳಸಂಚುಗಳಲ್ಲಿ ನಿಪುಣನಾಗಿದ್ದ ಮಾಜಿ ಪ್ರಧಾನ ಸೇನಾಪತಿ ಶ್ಲೈಕರನು ೧೯೩೪ನೆಯ ಜೂನ್ ೩೦ರಂದು ತನ್ನ ಮನೆಯಲ್ಲಿಯೇ ಕೊಲೆಯಾದನು. ಪಾಪೆನ್ನನನ್ನು ಅವನ ಮನೆಯಲ್ಲಿ ಬಂಧಿಸಿಟ್ಟರು, ಅವನ ಸಹಾಯಕರನ್ನು ಕೊಂದರು. ಅಗಸ್ಟ ೨ರಂದು ಹಿಂಡೆನ್‌ಬುರ್ಗನು ತೀರಿಕೊಂಡನು. ಅಧ್ಯಕ್ಷಪದವೂ ಹಿಟ್ಲರನಲ್ಲಿಯೇ ಲೀನವಾಯಿತು.

೪. ವ್ಯತಿರೇಕ ದೃಷ್ಟಾಂತಗಳು

ಹಸಿವೂ ಅಪಮಾನವೂ ಸರ್ವಾಧಿಕಾರಕ್ಕೆ ಅನಿವಾರ್ಯಕಾರಣಗಳಾಗಿದ್ದರೆ, ಅವುಗಳನ್ನು ಅನುಭವಿಸಿದ ಎಲ್ಲ ದೇಶಗಳಲ್ಲಿಯೂ ಅದು ಹುಟ್ಟಬೇಕಾಗಿತ್ತು. ಹಾಗಾಗಲಿಲ್ಲ. ಫಿನ್‌ಲಂಡದಲ್ಲಿ ಲಾಪುವಾ ಚಳವಳಿಯವರು ವಿರೋಧಿಗಳನ್ನು ಅಪಹರಿಸುತ್ತ, ೧೯೩೦ರಲ್ಲಿ ಮಾಜಿ ಅಧ್ಯಕ್ಷನನ್ನೇ ಹೊತ್ತೊಯ್ದರು. ೧೯೩೨ರಲ್ಲಿ ಮ್ಯಾಂಟ್ಸ್ಯಾಲ ಎಂಬ ಊರಿನಲ್ಲಿ ಶಸ್ತ್ರಧಾರಿಗಳಾಗಿ ನೆರೆದು ಸರಕಾರವನ್ನು ಬೆದರಿಸಿದರು. ಆಗ ಅಧ್ಯಕ್ಷನಾಗಿದ್ದ ಸ್ವಿನ್‌ಹುವುಡನು ಅದೇ ಬಲಪಂಥಕ್ಕೆ ಬೇಕಾದವನು. ಆದರೂ ಅವನು ಆಕಾಶವಾಣಿಯಿಂದ ಮಾತಾಡಿ, ಮನೆಗೆ ಮರಳಿರೆಂದು ಆ ಜನರಿಗೆ ಆಜ್ಞಾಪಿಸಿದನು, ಸೈನ್ಯವು ಅವನ ಮಾತನ್ನು ನಡೆಸಿತು, ದಂಗೆಯು ಕರಗಿತು, ಚಳವಳಿಯು ನಿಷಿದ್ಧವಾಯಿತು. ಬೆಲ್ಜಿಯಮಿನಲ್ಲಿ ೧೯೩೭ರಲ್ಲಿ ರೆಕ್ಸ ಪಕ್ಷದ ನಾಯಕ ಡಿಗ್ರೆಲನು ಬ್ರಸೆಲ್ಸಿನ ಉಪಚುನಾವಣೆಗೆ ನಿಂತಾಗ, ಪರಸ್ಪರ ವಿರೋಧಿಗಳಾದ ಪಕ್ಷಗಳು ತಮ್ಮ ಜಗಳವನ್ನು ಬದಿಗಿಟ್ಟು ಪ್ರಧಾನಮಂತ್ರಿ ವಾನ್ ಜೀಲಾಂಡನನ್ನೇ ಒಮ್ಮತದಿಂದ ಎದುರಿಗೆ ನಿಲ್ಲಿಸಿ ಅವನನ್ನು ಸೋಲಿಸಿದವು. ಕಾರಣಸಾಮಗ್ರಿಯು ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ, ಫಲವು ಬೇರೆ. ಭೇದವನ್ನು ಮಾಡಿದುದು ದಂಡಧಾರಿಗಳ ನಡತೆ.

೫. ಗಜೇಂದ್ರಗಡದ ಗಡಿಯ ಆಚೆ

ಇನ್ನು ಈ ನೆಲದ ವೃತ್ತಾಂತಕ್ಕೆ ಬರಬಹುದು. ೧೯೪೭ರಲ್ಲಿ ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಗಜೇಂದ್ರಗಡದಿಂದ ಪೂರ್ವಕ್ಕೆ ನಡೆದರೆ ಬರುವ ಕುಷ್ಟಗಿ, ಯಲಬುರ್ಗಿಗಳ ಸೀಮೆಯು ಹೈದರಾಬಾದ ಸಂಸ್ಥಾನದ್ದು. ನಡುವೆ ಭಾಷೆಯ ಭೇದವಿರಲಿಲ್ಲ. ಸಂತೆ, ಜಾತ್ರೆ, ಬೀಗತನಗಳು ಗಡಿಯನ್ನು ಎಣಿಸುತ್ತಿರಲಿಲ್ಲ. ಆಳಿಕೆಯು ಮಾತ್ರ ಬೇರೆ. ೧೯೪೧ರ ಜನಗಣತಿಯಂತೆ ಸುಮಾರು ೧ ಕೋಟಿ ೬೩ ಲಕ್ಷ ಜನರಿದ್ದ ಆ ಸಂಸ್ಥಾನವನ್ನು ಮೀರ್ ಉಸ್ಮಾನ್ ಅಲಿ ಖಾನನು ೧೯೧೧ರಿಂದ ಆಳುತ್ತಿದ್ದನು. ೧೯೪೭ರ ಜೂನ್ ತಿಂಗಳಲ್ಲಿ ಅವನು, ತನ್ನ ಸಂಸ್ಥಾನವು ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರದೆ ಸ್ವತಂತ್ರವಾಗುವದೆಂದು ಸಾರಿದನು.

೧೯೨೭ರಲ್ಲಿ ಹುಟ್ಟಿದ ಮಜಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಸಂಸ್ಥೆಯು ಆ ಸಂಸ್ಥಾನದಲ್ಲಿ ಪ್ರಬಲವಾಗಿತ್ತು. ಅದರ ಸ್ವಯಂಸೇವಕರಿಗೆ ರಜಾಕಾರರೆಂದು ಹೆಸರು. ೧೯೪೬ರಲ್ಲಿ ಲಾತೂರಿನ ವಕೀಲನಾದ ಕಾಸಿಂ ರಜ್ವಿಯು ಅಧ್ಯಕ್ಷನಾದ ಮೇಲೆ ಆ ಸ್ವಯಂಸೇವಕರು ಸಮವಸ್ತ್ರ, ಕವಾಯತು, ಶಸ್ತ್ರಗಳನ್ನುಳ್ಳ ಖಾಸಗೀ ಸೈನ್ಯವಾದರು. ಭಾರತದೊಡನೆ ಬೇರ್ಪಡುವ ಚೌಕಾಶಿಯಲ್ಲಿ ಈ ಪಡೆಯ ಬೆದರಿಕೆಯು ಉಪಯೋಗಕ್ಕೆ ಬರುವದೆಂದು ಅರಮನೆಯು ಎಣಿಸಿದಂತೆ ತೋರುತ್ತದೆ. ಏಕೆಂದರೆ ಸೈನ್ಯವೂ ಪೋಲೀಸೂ ಕೈಯಲ್ಲಿದ್ದರೂ ನಿಜಾಮನು ಅದನ್ನು ಎಂದೂ ನಿಷೇಧಿಸಲಿಲ್ಲ.

೧೯೪೭ರ ಅಕ್ಟೋಬರದಲ್ಲಿ ಭಾರತದೊಡನೆ ಯಥಾಸ್ಥಿತಿಯ ಒಪ್ಪಂದದ ಕರಡು ಸಿದ್ಧವಾಗಿ, ನಿಜಾಮನ ಮಂತ್ರಿಪರಿಷತ್ತು ಅದನ್ನು ಬಹುಮತದಿಂದ ಒಪ್ಪಿತು. ಪ್ರಧಾನಮಂತ್ರಿ ಛತಾರಿಯ ನವಾಬನೂ, ಕಾಯಿದೆಯ ಸಲಹೆಗಾರ ಮಾಂಕ್ಟನ್ನನೂ, ಸರ್ ಸುಲ್ತಾನ್ ಅಹಮದನೂ ದಿಲ್ಲಿಗೆ ಹೊರಡಬೇಕಾಗಿದ್ದ ಅಕ್ಟೋಬರ ೨೭ರ ನಸುಕಿನಲ್ಲಿ ರಜಾಕಾರರ ಬಹುದೊಡ್ಡ ಗುಂಪು ಅವರ ಮನೆಗಳನ್ನು ಸುತ್ತುವರಿಯಿತು. ಪೋಲೀಸರು ತಡೆಯಲಿಲ್ಲ. ನಿಯೋಗವು ಹೊರಡಲಿಲ್ಲ. ಕೆಲವೇ ದಿನಗಳಲ್ಲಿ ಛತಾರಿಯ ನವಾಬನು ರಾಜೀನಾಮೆಯನ್ನು ಕೊಟ್ಟನು. ಬೇರೆ ನಿಯೋಗವೊಂದು ಹೋಗಿ ನವೆಂಬರ ೨೯ರಂದು ಒಪ್ಪಂದವನ್ನು ಮಾಡಿಕೊಂಡಿತು. ಮೀರ್ ಲಾಯಕ್ ಅಲಿಯ ಮಂತ್ರಿಮಂಡಲವು ಬಂದಿತು. ನಿಜವಾದ ಅಧಿಕಾರವು ರಜ್ವಿಯ ಕೈಸೇರಿತು. ರೋಮಿನ ದಂಡಯಾತ್ರೆಯು ಹೊರಟುದು ಸರಿಯಾಗಿ ೨೫ ವರ್ಷಗಳ ಹಿಂದೆ, ಅದೇ ಅಕ್ಟೋಬರ ೨೭ರಂದು. ತಾರೀಖುಗಳ ಹೊಂದಿಕೆಯು ಆಕಸ್ಮಿಕವಿರಬಹುದು; ಕಾರ್ಯಕ್ರಮದ ಹೊಂದಿಕೆಯು ಆಕಸ್ಮಿಕವಲ್ಲ. ಎರಡೂ ಕಡೆಗೆ ಗುಂಪೊಂದು ರಾಜಧಾನಿಯಲ್ಲಿ ಬೆದರಿಕೆ ಹಾಕಿತು, ಎರಡೂ ಕಡೆಗೆ ರಾಜನ ಬಲವು ಸುಮ್ಮನೆ ನಿಂತಿತು, ಎರಡೂ ಕಡೆಗೆ ಕಾಯಿದೆಯಂತೆ ಹೊಸ ಮಂತ್ರಿಮಂಡಲವು ನೇಮಕವಾಯಿತು.

ಅದರ ಫಲವನ್ನು ಹಳ್ಳಿಗಳು ಉಂಡವು. ಸುಲಿಗೆ, ಬೆಂಕಿ, ಕೊಲೆಗಳಿಗೆ ಹೆದರಿ ಗಡಿಯ ಜನರು ಮುಂಬಯಿ ಪ್ರಾಂತದ ಊರುಗಳಿಗೆ ಬಂದು ಆಶ್ರಯವನ್ನು ಪಡೆದರು. ಸಂಸ್ಥಾನದೊಳಗೆ ಕಾಲಿಡಲು ಆಸ್ಪದವಿಲ್ಲದ ಹೋರಾಟಗಾರರು ಗಡಿಯುದ್ದಕ್ಕೂ ಶಿಬಿರಗಳನ್ನು ಹೂಡಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳಾಗಿದ್ದರು. ರೋಣ ಸೀಮೆಯ ಜನರ ಪಾಲಿಗೆ ಖಾಸಗೀ ದಂಡವೆಂಬದು ಹೀಗೆ ದೂರದ ಯುರೋಪಿನ ಸುದ್ದಿಯಾಗಿ ಉಳಿಯಲಿಲ್ಲ.

ರಜಾಕಾರರ ಗುಂಪನ್ನು ಒಂದು ಮತದವರೆಲ್ಲರ ಪ್ರತಿನಿಧಿಯೆಂದು ತಿಳಿಯುವದು ಸತ್ಯಕ್ಕೆ ದೂರವಾದುದು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ, ಭಾರತದಲ್ಲಿ ಸೇರುವದೇ ಯೋಗ್ಯವೆಂದು ಬರೆದುದಕ್ಕಾಗಿ ೧೯೪೮ರ ಅಗಸ್ಟದಲ್ಲಿ ಕೊಲೆಯಾದರು. ಇಟಲಿಯಲ್ಲಿ ಮಾಟ್ಟೆಯೊಟ್ಟಿಗೆ ಸಲ್ಲುವ ಸ್ಥಾನವು ಇಲ್ಲಿ ಅವರಿಗೆ ಸಲ್ಲತಕ್ಕದ್ದು. ೧೯೪೮ನೆಯ ಸೆಪ್ಟೆಂಬರ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮನು ಶರಣಾದನು. ಆ ಬಳಿಕ ನಡೆದ ಪ್ರತೀಕಾರದಲ್ಲಿ, ರಜಾಕಾರರೊಡನೆ ಸಂಬಂಧವೇ ಇಲ್ಲದ ಮುಸಲ್ಮಾನ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಲಿಯಾದವು. ಸರಕಾರವು ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಮಿತವಾದ ಲೆಕ್ಕದಿಂದಲೂ ೨೭ ಸಾವಿರದಿಂದ ೪೦ ಸಾವಿರ ಜನರು ಪ್ರಾಣವನ್ನು ಕಳೆದುಕೊಂಡರೆಂದು ವರದಿ ಮಾಡಿತು. ಬೀದರ, ಕಲಬುರ್ಗಿಗಳು ಹೆಚ್ಚು ನೊಂದ ಜಿಲ್ಲೆಗಳಲ್ಲಿ ಸೇರಿದ್ದವು. ದಂಡವು ಒಮ್ಮೆ ಬೀದಿಯ ಪಾಲಾದರೆ, ಅದನ್ನು ಮೊದಲು ಹಿಡಿದವರು ಸೋತೊಡನೆ ಮರಳಿ ರಾಜ್ಯದ ಕೈಗೆ ಬರುವದಿಲ್ಲ. ಬೇರೆಯವರ ಕೈಗೆ ಹೋಗುತ್ತದೆ. ಈ ಭಾಗವನ್ನು ಬಿಟ್ಟು ಹೇಳಿದ ಇತಿಹಾಸವು ಅರ್ಧಸತ್ಯವಾಗುವದು.

೬. ಸಾಮ್ಯ, ವೈಷಮ್ಯ ಮತ್ತು ನಿರ್ಣಯ

ಈ ಹೋಲಿಕೆಗೆ ಮಿತಿಯಿದೆ. ಇಟಲಿ, ಜರ್ಮನಿಗಳಲ್ಲಿ ಚುನಾಯಿತ ಸಭೆಗಳಿದ್ದವು. ಹೈದರಾಬಾದಿನಲ್ಲಿ ಜನರಿಗೆ ಉತ್ತರ ಹೇಳುವ ಸಭೆಯೇ ಇರಲಿಲ್ಲ. ಅಲ್ಲಿಯ ನಾಯಕರು ಹೊಸ ರಾಜ್ಯವನ್ನು ಕಟ್ಟಹೊರಟರು. ರಜಾಕಾರರು ಇದ್ದ ಅರಸುತನವನ್ನೇ ಉಳಿಸುವೆವೆಂದರು. ಅವರ ಪ್ರಾಬಲ್ಯವು ಒಂದು ವರ್ಷವನ್ನು ಕೂಡ ಕಾಣಲಿಲ್ಲ. ತೆಲಂಗಾಣದ ರೈತರ ಸಶಸ್ತ್ರ ಹೋರಾಟದಂಥ ಬೇರೆ ಕಾರಣಗಳೂ ಅಲ್ಲಿ ಕೂಡಿದ್ದವು. ಆದುದರಿಂದ ರಜಾಕಾರರನ್ನು ಫ್ಯಾಸಿಸ್ಟರೆಂದು ಒಂದೇ ಮಾತಿನಿಂದ ಕರೆಯುವದು ವಿಚಾರಶಾಸ್ತ್ರಕ್ಕೆ ಒಪ್ಪುವದಿಲ್ಲ. ಒಪ್ಪುವದು ಅಧಿಕಾರಪ್ರಾಪ್ತಿಯ ರೀತಿಯ ಸಾಮ್ಯ ಮಾತ್ರ.

ಆ ಸಾಮ್ಯವನ್ನು ಸ್ವತಃ ನಿಜಾಮನೇ ಹೇಳಿರುವನು. ೧೯೪೮ನೆಯ ಸೆಪ್ಟೆಂಬರ ೨೩ರ ಆಕಾಶವಾಣಿಯ ಭಾಷಣದಲ್ಲಿ ಅವನು, ರಜ್ವಿಯ ಸಣ್ಣ ಗುಂಪು ತನ್ನ ಮಂತ್ರಿಯ ಮನೆಯನ್ನು ಮುತ್ತಿ, ಹಿಟ್ಲರನ ಜರ್ಮನಿಯನ್ನು ನೆನಪಿಸುವ ಉಪಾಯಗಳಿಂದ ರಾಜ್ಯವನ್ನು ವಶಪಡಿಸಿಕೊಂಡು ತನ್ನನ್ನು ನಿಸ್ಸಹಾಯನನ್ನಾಗಿ ಮಾಡಿತೆಂದು ನುಡಿದನು. ಮೊದಲ ಭಾಗವು ನಿಜ. ‘ನಿಸ್ಸಹಾಯ’ ಎಂಬದನ್ನು ಪರೀಕ್ಷಿಸಬೇಕಾಗುತ್ತದೆ. ಸಹಿ ಮಾಡಲೊಲ್ಲದ ಇಟಲಿಯ ಅರಸನೂ, ನಿಷೇಧವನ್ನು ತೆಗೆದ ಪಾಪೆನ್ನನೂ ಆಮೇಲೆ ನಿಸ್ಸಹಾಯರೇ ಆದರು. ಮೊದಲಿನ ಹೆಜ್ಜೆಯಲ್ಲಿ ಅವರು ಯಾರೂ ನಿಸ್ಸಹಾಯರಾಗಿರಲಿಲ್ಲ. ಇಟಲಿಯ ಅರಸನೇ ೧೯೪೩ನೆಯ ಜುಲೈ ೨೫ರಂದು ಮುಸೋಲಿನಿಯನ್ನು ಕೆಲಸದಿಂದ ತೆಗೆದು ಸೆರೆಹಿಡಿಸಿದನು. ೨೧ ವರ್ಷಗಳ ಹಿಂದೆ ಒಂದು ಸಹಿಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಅಷ್ಟರಲ್ಲಿ ಒಂದು ದೇಶದ ವಿನಾಶವೇ ಬೆಲೆಯಾಗಿ ಸಂದಿತ್ತು.

ಇಂದು ಕನ್ನಡದ ಆಡುಮಾತಿನಲ್ಲಿ ಗಡುಸಾದ ಮೇಷ್ಟರನ್ನೂ, ಮುಂಗೋಪಿಯಾದ ಅಧಿಕಾರಿಯನ್ನೂ ‘ಹಿಟ್ಲರ’ ಎಂದು ಕರೆಯುವದು ರೂಢಿಯಾಗಿದೆ. ಅದರಿಂದ ಶಬ್ದವು ಸವೆಯುವದಲ್ಲದೆ ವಿಷಯವೂ ಮರೆಯಾಗುತ್ತದೆ. ಗಡುಸುತನವು ಸರ್ವಾಧಿಕಾರದ ಲಕ್ಷಣವಲ್ಲ; ರಾಜ್ಯದ ದಂಡಕ್ಕೆ ಪ್ರತಿಯಾಗಿ ಇನ್ನೊಂದು ದಂಡವನ್ನು ಎತ್ತುವದು, ಅದನ್ನು ಎತ್ತಿದವರನ್ನು ಬಲ್ಲವರು ಪ್ರಯೋಜನಕ್ಕಾಗಿ ಸಹಿಸುವದು, ಬಳಿಕ ಅದಕ್ಕೆ ಕಾಯಿದೆಯ ಮುದ್ರೆಯನ್ನು ಒತ್ತುವದು, ಇವು ಅದರ ಲಕ್ಷಣಗಳು. ತರಗತಿಗಳಲ್ಲಿ ಈ ಕಾಲದ ಇತಿಹಾಸವನ್ನಾಗಲಿ ಅದರಿಂದ ಹುಟ್ಟಿದ ಸಾಹಿತ್ಯವನ್ನಾಗಲಿ ಬೋಧಿಸುವವರು ಈ ಕ್ರಮವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಿದರೆ ಉಪಕಾರವಾಗುವದು. ಸವಡಿಯ ದುರ್ಗಸಿಂಹನು ತನ್ನ ಕೃತಿಯ ಐದು ಪ್ರಕರಣಗಳನ್ನು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ಇಟ್ಟಿರುವನು. ಅಲ್ಲಿ ಪರೀಕ್ಷೆಯು ವಿಶ್ವಾಸಕ್ಕಿಂತ ಮೊದಲು ಬರುತ್ತದೆ. ರೋಮಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಹೈದರಾಬಾದಿನಲ್ಲಿಯೂ ದಂಡವನ್ನು ಹಿಡಿದಿದ್ದವರು ಪರೀಕ್ಷಿಸದೆ ವಿಶ್ವಾಸವಿಟ್ಟರು.